ಸತುವಿನ ಅಂಗಿ ತೊಟ್ಟ ಐಸ್‌ಕ್ರೀಮ್ ಗಾಡಿ

ಸಿಪ್ಪೆ ಸುಲಿದ ಗಾಡಿಯನ್ನು ತಳ್ಳಿಕೊಂಡು ಐಸ್‌ಕ್ರೀಮ್ ತಾತ ನಮ್ಮ ವರ್ಕ್‌ಶಾಪಿನ ಬಾಗಿಲಿಗೆ ಬಂದದ್ದು ಇದು ನಾಲ್ಕನೆಯ ವರ್ಷ. ಹಿಂದಿನ ಮೂರು ವರ್ಷವೂ ಅದಕ್ಕೆ ಎಳೆ ಹಸಿರು ಬಣ್ಣ ಹಚ್ಚಿ ಕಳಿಸಿದವಳು ನನ್ನ ಸೋದರತ್ತೆ. ಮೂರು ವರ್ಷವೂ ಬೇಸಿಗೆ ಅರ್ಧ ಕಳೆಯುವುದರೊಳಗೆ ಆ ಹಸಿರು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದು ಬಂದಿತ್ತು.

ಅಂದು ಮಂಗಳವಾರ. ಅತ್ತೆ ಆಗ ಹಗ್ಗದ ಸುರುಳಿಗಳನ್ನು ವ್ಯಾನಿಗೆ ತುಂಬಿಸುತ್ತಿದ್ದಳು. ಪಕ್ಕದ ಊರಿನ ನೀರಿನ ಟ್ಯಾಂಕಿಗೆ ಬಣ್ಣ ಹೊಡೆಯುವ ಕೆಲಸ, ನಾಲ್ಕು ದಿನದ್ದು. ಗಾಡಿಯನ್ನು ನೋಡಿದವಳೇ ಹಗ್ಗವನ್ನು ಕೆಳಗೆ ಹಾಕಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು.

"ಏನ್ ಮಾಡ್ತೀರ ತಾತ ಇದಕ್ಕೆ? ರಾತ್ರಿ ಹಾಸಿಗೆ ಮಾಡ್ಕೊಂಡು ಉಜ್ಜಾಡ್ತೀರಾ?"

"ನಗಬೇಡ ತಂಗಿ. ಈ ಸಲ ಉದುರಿದ್ರೆ ನನ್ನ ಕಥೆ ಮುಗೀತು," ಎಂದು ತಾತ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಪಾರ್ಕಿನ ಮೇಡಂ ಕೊಟ್ಟ ಕಾಗದ. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಗೇಟಿನ ಹತ್ತಿರ ಗಾಡಿಯ ತಪಾಸಣೆ. ಬಣ್ಣ ಉದುರುವ ಗಾಡಿಗೆ ಇನ್ನು ಮುಂದೆ ಗೇಟಿನಲ್ಲಿ ಜಾಗವಿಲ್ಲ. ಇಪ್ಪತ್ತೆರಡು ವರ್ಷದಿಂದ ತಾತ ನಿಲ್ಲುತ್ತಿದ್ದ ಜಾಗ ಅದು. ಪಾರ್ಕಿಗೆ ಬರುವ ಮಕ್ಕಳು ಮೊದಲು ತಾತನನ್ನು ನೋಡಿ, ಆಮೇಲೆ ಜಾರುಬಂಡೆಯನ್ನು ನೋಡುತ್ತಿದ್ದರು.

"ಅಷ್ಟಕ್ಕೂ ಆಗಿದ್ದೇನು?" ಎಂದಳು ಅತ್ತೆ.

ತಾತ ಕತ್ತು ಕೆರೆದುಕೊಂಡರು. "ಹೋದ ತಿಂಗಳು ಮೇಡಮ್ಮೇ ಬಂದು ಒಂದು ಕೋನ್ ತಗೊಂಡ್ರು. ಅದರ ಮೇಲೆ ಒಂದು ಹಸಿರು ಚೂರು ಕೂತಿತ್ತು. 'ಇದು ಪಿಸ್ತಾನಾ?' ಅಂದ್ರು."

"ನೀವೇನಂದ್ರಿ?"

"ಹೌದು ಅಂದ್ಬಿಟ್ಟೆ."

ಮೂಲೆಯಲ್ಲಿ ಬೋರಲು ಹಾಕಿದ ಡ್ರಮ್ಮಿನ ಮೇಲೆ ಕುಳಿತು ತಗಡು ಉಜ್ಜುವ ಉಪ್ಪುಕಾಗದವನ್ನು ಅಳತೆಗೆ ಕತ್ತರಿಸುತ್ತಿದ್ದ ಅಜ್ಜಿ ಕತ್ತರಿಯನ್ನು ಕೆಳಗಿಟ್ಟಳು. "ತಿಂದ್ಲಾ?"

"ತಿಂದ್ರು ಅಕ್ಕಾ. ಎರಡು ಸಲ ಅಗಿದು ನೋಡಿದ್ರು."

ಅಜ್ಜಿ ನಕ್ಕ ನಗುವಿಗೆ ಡ್ರಮ್ಮು ದಡದಡ ಸದ್ದು ಮಾಡಿತು. ಅತ್ತೆ ಮಾತ್ರ ನಗಲಿಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಗೇಟು, ಕಿಟಕಿಯ ಸರಳು, ಆಸ್ಪತ್ರೆಯ ಮಂಚ, ಮೆಟ್ಟಿಲ ಕಟಕಟೆ ಎಲ್ಲಕ್ಕೂ ಬಣ್ಣ ಬೀಳುತ್ತದೆ. ಎದುರಿನ ಗೋಡೆಯ ತುಂಬ ಅಂಗೈಯಷ್ಟಗಲದ ತಗಡುಗಳು ನೇತಾಡುತ್ತವೆ. ಪ್ರತಿ ಕೆಲಸಕ್ಕೂ ಒಂದು ತಗಡು: ತಳಕ್ಕೆ ಯಾವ ಪ್ರೈಮರ್, ಅದರ ಮೇಲೆ ಯಾವ ಬಣ್ಣ ಅನ್ನುವುದನ್ನು ಮೆಟ್ಟಿಲು ಮೆಟ್ಟಿಲಾಗಿ ಹಚ್ಚಿ, ದಿನಾಂಕ ಬರೆದು ನೇತುಹಾಕುತ್ತೇವೆ. ನಾವು ಅದನ್ನು ಸಾಕ್ಷಿ ಎನ್ನುತ್ತೇವೆ. ಯಾರಾದರೂ ಬಣ್ಣ ಹೋಯಿತು ಎಂದು ಜಗಳಕ್ಕೆ ಬಂದರೆ ಅತ್ತೆ ಬಾಯಿ ತೆರೆಯುವುದಿಲ್ಲ, ಬೆರಳು ತೋರಿಸುತ್ತಾಳೆ.

ಈಗಲೂ ತೋರಿಸಿದಳು. "ನೋಡಿ ತಾತ. ಹೋದ ವರ್ಷದ ನಿಮ್ಮ ಗಾಡಿಯ ಸಾಕ್ಷಿ. ಅದೇ ರೆಡ್ ಆಕ್ಸೈಡ್ ಪ್ರೈಮರ್, ಅದೇ ಹಸಿರು ಎನಾಮೆಲ್. ಒಂದು ಚೂರು ಎದ್ದಿದ್ಯಾ? ಇಲ್ಲ. ತಪ್ಪು ಬಣ್ಣದ್ದಲ್ಲ. ನೀವು ಐಸಿಗೆ ಹಾಕ್ತೀರಲ್ಲ, ಆ ಉಪ್ಪಿನದ್ದು."

"ಉಪ್ಪು ಹಾಕದೆ ಐಸ್ ನಿಲ್ಲಲ್ಲ ತಂಗಿ."

"ಹಾಗಾದ್ರೆ ಬಣ್ಣಾನೂ ನಿಲ್ಲಲ್ಲ," ಎಂದಳು. ಹಾಗೆಂದರೂ ಮೂಗಿನ ತುದಿಯ ಕೋಪ ಅವಳಲ್ಲಿ ಹೆಚ್ಚು ಹೊತ್ತು ಕೂರುವುದಿಲ್ಲ. ಕೊರಳಿನ ದಾರದಲ್ಲಿದ್ದ ಅಯಸ್ಕಾಂತವನ್ನು ಎತ್ತಿ ಗಾಡಿಯ ಹೊಟ್ಟೆಗೆ ಹಿಡಿದಳು. ಅದು ಟಕ್ಕೆಂದು ಅಂಟಿಕೊಂಡಿತು. "ಕಬ್ಬಿಣ. ಏನೂ ಅನುಮಾನ ಇಲ್ಲ." ನನ್ನ ಕಡೆ ತಿರುಗಿದಳು. "ಮೋಡಮ್ಮ, ಇಲ್ಲಿದೀಯಾ, ಆಕಾಶದಲ್ಲಿದೀಯಾ?"

ಮೋಡಮ್ಮ ಅಂದರೆ ನಾನು. ಬಣ್ಣ ಕಲಕುವಾಗ ಡಬ್ಬಿಯೊಳಗೆ ಸುತ್ತುವ ಸುಳಿಯನ್ನು ನೋಡುತ್ತ ನಿಂತುಬಿಡುತ್ತೇನೆ ಎಂದು ಅವಳೇ ಇಟ್ಟ ಹೆಸರು.

"ಇಲ್ಲೇ ಇದೀನಿ ಅತ್ತೆ."

"ಕೆರೆದು, ಎರಡು ಕೈ ರೆಡ್ ಆಕ್ಸೈಡ್, ಮೇಲೆ ಎರಡು ಕೈ ಎನಾಮೆಲ್. ಈ ಸಲ ದಪ್ಪಗೆ ಹಚ್ಚು. ಶನಿವಾರ ನಾನು ನೇರ ಪಾರ್ಕಿಗೇ ಬರ್ತೀನಿ. ತಾತನ ಜಾಗ ಹೋದ್ರೆ ನಮ್ಮ ಮರ್ಯಾದೇನೂ ಅದರ ಹಿಂದೇನೇ ಹೋಗುತ್ತೆ. ತಿಳೀತಾ?"

ತಿಳಿಯಿತು ಎಂದೆ. ವ್ಯಾನು ಹೋಯಿತು. ತಾತ ಗಾಡಿಯ ನೆತ್ತಿಯನ್ನು, ಊರಿಗೆ ಹೊರಟ ಮೊಮ್ಮಗಳ ತಲೆ ಸವರುವ ಹಾಗೆ ಒಮ್ಮೆ ಸವರಿ, "ನಾಳೆ ಬರ್ತೀನಿ ಮಗಳೇ," ಎಂದು ಹೋದರು.

ಕೆರೆಯಲು ಕುಳಿತೆ. ಕೆರೆಯುವ ಕೆಲಸವೇ ಇರಲಿಲ್ಲ. ಕೆರೆಯುವ ಉಕ್ಕಿನ ಪಟ್ಟಿಯ ತುದಿಯನ್ನು ಬಣ್ಣದ ಅಂಚಿಗೆ ಕೊಟ್ಟರೆ ಸಾಕು, ಅಂಗೈಯಗಲದ ಹಾಳೆ ಹಾಳೆಯಾಗಿ ಎದ್ದು ಬರುತ್ತಿತ್ತು. ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮುಂದೆ ಹಸಿರು, ಹಿಂದೆ ರೆಡ್ ಆಕ್ಸೈಡಿನ ಇಟ್ಟಿಗೆ ಕೆಂಪು. ಎರಡೂ ಒಂದನ್ನೊಂದು ಬಿಡದೆ ತಬ್ಬಿಕೊಂಡಿದ್ದವು. ಉಗುರಿನಿಂದ ಬೇರ್ಪಡಿಸಲು ನೋಡಿದೆ, ಆಗಲಿಲ್ಲ. ಹಾಗಾದರೆ ಬಣ್ಣಕ್ಕೂ ಪ್ರೈಮರಿಗೂ ಜಗಳವಿಲ್ಲ. ಕೆಂಪಿನ ಬೆನ್ನು ಮಾತ್ರ ಗಾಜಿನಷ್ಟು ನುಣುಪಾಗಿತ್ತು. ಯಾವತ್ತೂ ಯಾವುದನ್ನೂ ಹಿಡಿದುಕೊಂಡೇ ಇರಲಿಲ್ಲ ಎನ್ನುವ ಹಾಗೆ.

"ಅಜ್ಜಿ, ಒಂದು ಕಥೆ ಹೇಳು. ಕೈ ಓಡಲಿ," ಎಂದೆ.

"ಕೈ ಓಡೋಕೆ ಕಥೆ ಯಾಕೆ, ನಿನ್ನ ಕೈ ಕಟ್ಟಿಹಾಕಿದ್ದೇ ಕಥೆ," ಎಂದಳು. ಆದರೂ ಶುರು ಮಾಡಿದಳು. ಅವಳ ಕಥೆಗಳಲ್ಲಿ ರಾಜನಿಗೆ ಊರಿರುವುದಿಲ್ಲ, ಊರಿಗೆ ದಾರಿಯಿರುವುದಿಲ್ಲ. ಆದರೆ ರಾಜನ ಚಪ್ಪಲಿಯ ಮೊಳೆ ಎಷ್ಟು ಎಂದು ಕೇಳಿದರೆ ಹೇಳುತ್ತಾಳೆ. "ಒಬ್ಬ ಇದ್ದ ರಾಜನ ಮಗ. ಹುಟ್ಟಿದ ದಿನವೇ ಒಬ್ಬ ಮುದುಕಿ ಬಂದು ಅವನಿಗೆ ಬೆಳ್ಳಿ ಅಂಗಿ ತೊಡಿಸಿ ಹೋದ್ಲು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಅವನು ಬೆಳೆದ ಹಾಗೆ ಅದೂ ಬೆಳೀತು. ಅದಿದೆ ಅಂತ ಅವನಿಗೇ ಮರೆತುಹೋಯ್ತು. ಬಿಸಿಲು ಬಂದ್ರೆ ಸುಡಲ್ಲ, ಮುಳ್ಳು ಚುಚ್ಚಿದ್ರೆ ರಕ್ತ ಬರಲ್ಲ. ಎಲ್ಲರೂ ಅಂದ್ರು, ಏನ್ ಗಟ್ಟಿ ಮೈ ನಮ್ಮ ರಾಜಕುಮಾರಂದು ಅಂತ. ಆದ್ರೆ ತಾಯಿ ಮುತ್ತು ಕೊಟ್ರೆ ಅವನಿಗೆ ಗೊತ್ತೇ ಆಗ್ತಿರ್ಲಿಲ್ಲ. ಮುತ್ತೆಲ್ಲ ಅಂಗಿಗೇ ಹೋಗ್ತಿತ್ತು..."

ನನ್ನ ಕೈ ನಿಂತಿತು. ಬಣ್ಣ ಹೋದ ಜಾಗದಲ್ಲಿ ಗಾಡಿಯ ತಗಡು ಮಂಕು ಬೂದು ಬಣ್ಣದಲ್ಲಿ ಕಾಣುತ್ತಿತ್ತು. ಅಲ್ಲಲ್ಲಿ ಬಿಳಿಯ ಪುಡಿ. ಬೆರಳಿಂದ ಒರೆಸಿದೆ, ಸೀಮೆಸುಣ್ಣದ ಹಾಗೆ ಬಂತು. ಇಡೀ ಗಾಡಿಯನ್ನು ಸುತ್ತಿದೆ, ಕೆಳಗೆ ತೂರಿ ನೋಡಿದೆ, ಚಕ್ರದ ಮರೆಯಲ್ಲೂ ನೋಡಿದೆ. ಮೂರು ಬೇಸಿಗೆ, ದಿನವೂ ನೀರು, ದಿನವೂ ಉಪ್ಪು. ಬಣ್ಣವಿಲ್ಲದೆ ಬೆತ್ತಲೆ ನಿಂತ ಕಬ್ಬಿಣ.

"ಅಜ್ಜಿ, ತುಕ್ಕೆಲ್ಲಿ?"

"ಯಾವ ತುಕ್ಕು? ನಾನು ರಾಜಕುಮಾರನ ಕಥೆ ಹೇಳ್ತಿದೀನಿ."

"ಈ ಗಾಡಿ ಕಬ್ಬಿಣ ಆಗಿದ್ರೆ ಇಷ್ಟು ಹೊತ್ತಿಗೆ ಕೆಂಪಗೆ ತುಕ್ಕು ತಿಂದು ತೂತಾಗಬೇಕಿತ್ತು. ಒಂದು ಚೂರು ತುಕ್ಕಿಲ್ಲ." ಓಡಿಹೋಗಿ ಗೋಡೆಯ ಮೇಲಿನ ಸಾಕ್ಷಿಯನ್ನು ತಂದೆ. ಬಣ್ಣ ಗಟ್ಟಿಯಾಗಿಯೇ ಇತ್ತು. ಆದರೆ ಬಣ್ಣ ಹಚ್ಚದೆ ಬಿಟ್ಟಿದ್ದ ಅಂಚು ಕಂದುಗೆಂಪು ತುಕ್ಕಿನಿಂದ ತುಂಬಿತ್ತು. ಸಾಕ್ಷಿಯ ತಗಡು ನಮ್ಮ ಮನೆಯದು: ನಾವು ಎಲ್ಲ ಸಾಕ್ಷಿಗಳನ್ನೂ ಒಂದೇ ಕಬ್ಬಿಣದ ಹಾಳೆಯಿಂದ ಕತ್ತರಿಸುತ್ತೇವೆ. ಗಾಡಿಯದೇ ಬೇರೆ ತಗಡು. ಯಾರದೋ ಗಾಡಿಗೆ ಯಾರದೋ ಸಾಕ್ಷಿ ಹೇಳಿಸಿ ಮೂರು ವರ್ಷ ತಾತನ ಮೇಲೆ ತಪ್ಪು ಹೊರಿಸಿದ್ದೆವು.

ಇದು ಸತುವಿನ ಲೇಪ ಕೊಟ್ಟ ಕಬ್ಬಿಣ; ಆ ಬಿಳಿ ಪುಡಿ ಸತುವಿನದು. ಒಳಗೆ ಕಬ್ಬಿಣವಿರುವುದರಿಂದ ಅಯಸ್ಕಾಂತ ಹಿಡಿಯುತ್ತದೆ. ಆದರೆ ಪ್ರೈಮರ್ ಕೈ ಹಿಡಿಯಬೇಕಾದದ್ದು ಒಳಗಿನ ಮೈಯನ್ನಲ್ಲ, ಹೊರಗಿನ ಅಂಗಿಯನ್ನು. ಸತುವಿಗೆ ರೆಡ್ ಆಕ್ಸೈಡ್ ಆಗಿಬರುವುದಿಲ್ಲ.

"ಆಮೇಲೆ ರಾಜಕುಮಾರ ಏನಾದ?" ಎಂದೆ.

"ನಡುವೆ ಬಾಯಿ ಹಾಕಿದೆಯಲ್ಲ, ಮರೆತುಹೋಯ್ತು," ಎಂದು ಅಜ್ಜಿ ಕತ್ತರಿ ಎತ್ತಿಕೊಂಡಳು.

ಅತ್ತೆಗೆ ಫೋನ್ ಮಾಡಿದೆ. ಆ ಕಡೆ ಗಾಳಿ ಸುಂಯ್ ಎನ್ನುತ್ತಿತ್ತು.

"ಅತ್ತೆ, ಗಾಡಿ ಬರೀ ಕಬ್ಬಿಣ ಅಲ್ಲ ಅನ್ಸುತ್ತೆ. ಮೇಲೆ ಜಿಂಕ್ ಇದೆ."

"ಅಯಸ್ಕಾಂತ ಹಿಡೀತಾ?"

"ಹಿಡೀತು, ಆದ್ರೆ..."

"ಹಿಡಿದ ಮೇಲೆ ಆದ್ರೆ ಎಲ್ಲಿಂದ ಬಂತು? ಮೂವತ್ತು ವರ್ಷದಿಂದ ನೋಡ್ತಿದೀನಿ. ಅಜ್ಜಿ ಕಥೆ ಹೇಳ್ತಿದಾಳಾ?"

"ಹೇಳ್ತಿದ್ಲು, ನಿಲ್ಲಿಸಿದ್ಲು."

"ಹಾಗೇ ಇರಲಿ. ಕಥೆ ಕೇಳಿ ಪ್ರೈಮರ್ ಆರಿಸಬೇಡ. ಫೋನ್ ಇಡು ಕಣೇ, ನಾನು ಹಗ್ಗದಲ್ಲಿ ನೇತಾಡ್ತಿದೀನಿ."

ಅತ್ತೆಯ ಮಾತು ಮೀರುವಷ್ಟು ಎದೆ ನನಗಿರಲಿಲ್ಲ. ಆದರೆ ಅವಳ ಮಾತಿನಂತೆ ಹಚ್ಚಿದರೆ ತಾತ ಗೇಟಿನಲ್ಲಿ ಇರುವುದಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವ ಮೊದಲು ಬೆಕ್ಕಿನ ಬಾಲದಲ್ಲಿ ಕಟ್ಟಿ ನೋಡೋಣ ಎನಿಸಿತು. ಗಾಡಿಯ ಹೊಟ್ಟೆಯ ಕೆಳಗೆ, ಯಾರಿಗೂ ಕಾಣದ ಕಡೆ, ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಎರಡು ಚೌಕ ಕೆರೆದು, ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದೆ. ಒಂದಕ್ಕೆ ಅತ್ತೆ ಹೇಳಿದ ರೆಡ್ ಆಕ್ಸೈಡ್. ಇನ್ನೊಂದಕ್ಕೆ ಕಪಾಟಿನ ಹಿಂದಿನ ಸಾಲಿನಲ್ಲಿದ್ದ ಎಚ್ಚಿಂಗ್ ಪ್ರೈಮರ್: ತೆಳ್ಳಗಿನದು, ಆಮ್ಲ ಸೇರಿದ್ದು, ನುಣುಪು ತಗಡನ್ನು ಒಂದಿಷ್ಟು ಕಚ್ಚಿ ಹಿಡಿಯುವಂಥದು. ಡಬ್ಬಿಯ ಬೆನ್ನ ಮೇಲೆ ಸತುವಿನ ತಗಡಿಗೆ ಸೈ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಮೇಲಿನ ಕೋಟಿಗೆ ಎರಡು ಡಬ್ಬಿ ಬೆರೆಸಿ ಹಚ್ಚುವ ಪಾಲಿಯುರೆಥೇನ್, ಅಂದರೆ ಪಿ.ಯು. ಬಣ್ಣ ಹೊಂದುತ್ತದೆ ಎಂದೂ ಇತ್ತು. ಬುಧವಾರ ಬೆಳಗ್ಗೆ ಮೊದಲನೆಯದರ ಮೇಲೆ ಎನಾಮೆಲ್, ಎರಡನೆಯದರ ಮೇಲೆ ಪಿ.ಯು. ಹಚ್ಚಿ ಫ್ಯಾನ್ ಹಾಕಿದೆ.

ಸಂಜೆ ತಾತ ಬಂದರು. ನಾನು ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗಿನಿಂದಲೇ ಎಲ್ಲ ಹೇಳಿದೆ.

"ಅಂದ್ರೆ ಇಷ್ಟು ವರ್ಷ ಉಪ್ಪಿನದ್ದು ತಪ್ಪಲ್ವಾ?" ಎಂದರು ತಾತ.

"ಅಲ್ಲ ಅನ್ಸುತ್ತೆ."

"ನಾನು ಹೋದ ವರ್ಷ ಉಪ್ಪಿನ ಜೊತೆ ಮಾತೇ ಬಿಟ್ಟಿದ್ದೆ."

"ಅನ್ಸುತ್ತೆ ಅಂದ್ರೆ ಸಾಕಾ? ಕೇಳೇ ಬಿಡೋಣ ಉಪ್ಪನ್ನ," ಎಂದಳು ಅಜ್ಜಿ. ಅವಳ ಸಲಹೆಯಂತೆ ತಾತ ತಮ್ಮ ಐಸು, ಉಪ್ಪು ಎರಡನ್ನೂ ತಂದರು. ಒಂದು ಬಟ್ಟೆಯಲ್ಲಿ ಸುತ್ತಿ ಎರಡು ಚೌಕಕ್ಕೂ ಸೇರಿಸಿ ಕಟ್ಟಿದೆವು, ಜ್ವರ ಬಂದ ಮಗುವಿನ ಹಣೆಗೆ ಕಟ್ಟುವ ಹಾಗೆ.

ಗುರುವಾರ ಬೆಳಗ್ಗೆ ಬಟ್ಟೆ ಬಿಚ್ಚಿ ಒರೆಸಿದೆ. ಬ್ಲೇಡಿನಿಂದ ಎರಡೂ ಚೌಕದಲ್ಲಿ ಅಡ್ಡ ಆರು, ಉದ್ದ ಆರು ಗೆರೆ ಎಳೆದೆ. ಚಿಕ್ಕಮಕ್ಕಳ ಲೆಕ್ಕದ ಪುಸ್ತಕದ ಹಾಳೆಯಂತಾಯಿತು. ಅದರ ಮೇಲೆ ಅಂಟುಪಟ್ಟಿ ಒತ್ತಿ, ಉಸಿರು ಬಿಗಿಹಿಡಿದು ಎಳೆದೆ. ರೆಡ್ ಆಕ್ಸೈಡಿನ ಚೌಕದಿಂದ ಹಸಿರು ಮನೆಗಳು ಸಾಲುಸಾಲಾಗಿ ಪಟ್ಟಿಗೆ ಅಂಟಿ ಬಂದವು. ತಗಡಿನಲ್ಲಿ ಉಳಿದದ್ದು ಮೂರೋ ನಾಲ್ಕೋ. ಎರಡನೆಯದರಿಂದ ಎಳೆದ ಪಟ್ಟಿ ಬರಿಗೈಯಲ್ಲಿ ಬಂತು.

ತಾತ ಎರಡೂ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಮಗಳೇ, ಅದನ್ನೇ ಹಚ್ಚು."

"ಅತ್ತೆ ಬೈತಾಳೆ."

"ಅವಳನ್ನ ಹೆತ್ತಿದ್ದು ನಾನು," ಎಂದಳು ಅಜ್ಜಿ. "ಹಚ್ಚು."

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಮುಖವಾಡ ಕಟ್ಟಿಕೊಂಡು, ಸ್ಪ್ರೇ ಗನ್ನಿಗೆ ಎಚ್ಚಿಂಗ್ ಪ್ರೈಮರ್ ತುಂಬಿ, ಗಾಡಿಯ ಒಂದು ಬದಿಗೆ ಹೊಡೆದೆ. ತೆಳ್ಳಗೆ, ಮಂಜು ಕೂತಂತೆ ಕೂತಿತು. ನನಗೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಮೂಲೆಗಳಲ್ಲಿ ಏನೋ ಅಲ್ಲಾಡಿತು. ಗಾಡಿಯ ಬಾಗಿದ ಮೂಲೆಗಳಲ್ಲಿ ಹಳೆಯ ಹಸಿರು ಇನ್ನೂ ಒಂದಿಷ್ಟು ಗಟ್ಟಿಯಾಗಿ ಕೂತಿತ್ತು. ಕೂತದ್ದು ಕೂತಿರಲಿ ಎಂದು ಬಿಟ್ಟಿದ್ದೆ. ಈಗ ಆ ಹಸಿರು ಉಬ್ಬಿ, ನೆರಿಗೆಯಾಗಿ, ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟಿತು.

"ಅಯ್ಯೋ, ನನ್ನ ಕೈ ಹಾಗೇ ಆಯ್ತಲ್ಲೇ," ಎಂದು ಅಜ್ಜಿ ತನ್ನ ಮುಂಗೈಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದಳು.

ಡಬ್ಬಿಯನ್ನು ಮತ್ತೆ ಎತ್ತಿಕೊಂಡೆ. ಸತುವಿಗೆ ಸೈ ಎನ್ನುವಲ್ಲಿಗೆ ಓದಿ ಸಂತೋಷಪಟ್ಟು, ಮೇಲಿನ ಕೋಟಿನ ಮಾತನ್ನು ನೋಡಿ ಇನ್ನಷ್ಟು ಸಂತೋಷಪಟ್ಟು, ನಾನು ಅಲ್ಲಿಗೇ ನಿಲ್ಲಿಸಿದ್ದೆ. ಅದರ ಕೆಳಗೆ ಇನ್ನೊಂದು ಸಾಲಿತ್ತು: ಹಳೆಯ ಎನಾಮೆಲಿನ ಮೇಲೆ ಹಚ್ಚಬಾರದು. ಇದರ ಥಿನ್ನರ್ ಜೋರಿನದು, ಹಳೆಯ ಬಣ್ಣವನ್ನು ಮೆತ್ತಗಾಗಿಸಿ ಎಬ್ಬಿಸುತ್ತದೆ. ತಗಡಿಗೂ ಪ್ರೈಮರಿಗೂ ಹೊಂದಿಸಿದ ನಾನು, ನಡುವೆ ಉಳಿದಿದ್ದ ಹಳೆಯ ನೆಂಟರನ್ನು ಕೇಳಿಯೇ ಇರಲಿಲ್ಲ. ಅಳು ಬಂತು. ಮುಖವಾಡದೊಳಗೆ ಅತ್ತರೆ ಮೂಗು ಒರೆಸಿಕೊಳ್ಳಲು ಆಗುವುದಿಲ್ಲ ಎಂದು ಆಗಲೇ ತಿಳಿದದ್ದು.

"ಪೂರ್ತಿ ತೆಗೀಬೇಕು," ಎಂದೆ. "ಎಲ್ಲಾ ಮೂಲೆ. ಒಂದು ಉಗುರಿನಷ್ಟೂ ಬಿಡದ ಹಾಗೆ. ಆಮೇಲೆ ತೊಳೆದು, ಒಣಗಿಸಿ, ಮೊದಲಿಂದ. ಸಾಯಂಕಾಲದೊಳಗೆ ಆಗಲ್ಲ."

"ಎಷ್ಟು ಕೈ ಬೇಕು?" ಎಂದರು ತಾತ.

"ನನಗೆರಡಿದೆ."

"ನನಗೂ ಎರಡೇ. ಅಕ್ಕನಿಗೆ?"

"ಕತ್ತರಿ ಹಿಡಿಯೋ ಕೈ ಕೆರೆಯೋ ಪಟ್ಟಿ ಹಿಡಿಯಲ್ವಾ?" ಎಂದು ಅಜ್ಜಿ ಡ್ರಮ್ಮಿನಿಂದ ಇಳಿದಳು.

ಮೂವರೂ ಗಾಡಿಯ ಮೂರು ಬದಿಗೆ ಕುಳಿತೆವು. ಚಕ್ರದ ಬಳಿಯ ಹಸಿರು ಹಠಮಾರಿಯಾಗಿತ್ತು. ತಾತ ಅದರೊಡನೆ ಮಕ್ಕಳನ್ನು ರಮಿಸುವ ಹಾಗೆ ಮಾತಾಡುತ್ತ ಕೆರೆದರು: ಬಾ ಕಂದ, ಸಾಕು ಇನ್ನು, ಹೊಸಬರು ಬರ್ತಾರೆ. ಅಜ್ಜಿ ಬೈಯುತ್ತ ಕೆರೆದಳು. ಯಾರ ಕಡೆ ಬೇಗ ಎದ್ದು ಬಂತು ಎಂದು ನೋಡಿದರೆ ಅಜ್ಜಿಯ ಕಡೆಯೇ. ಒಂದೇ ಒಂದು ತುಂಡನ್ನು ಮಾತ್ರ ಬಿಡಲು ಹೇಳಿದೆ: ಹೊಟ್ಟೆಯ ಕೆಳಗೆ, ಪರೀಕ್ಷೆಯ ಚೌಕದ ಪಕ್ಕದಲ್ಲಿ ಒಂದು ಗೇಣು ಹಳೆಯ ಬಣ್ಣ. ಅತ್ತೆ ಬಂದಾಗ ತೋರಿಸಲು ನನ್ನ ಕೈಯಲ್ಲಿ ಏನಾದರೂ ಇರಬೇಕಲ್ಲ.

ಶುಕ್ರವಾರ ಬೆಳಗ್ಗೆ ತಗಡು ಎಲ್ಲೆಡೆ ಬೂದಾಗಿ, ಮಿಂದ ಮೈಯಂತೆ ಶುಭ್ರವಾಗಿತ್ತು. ಬೆಳಗ್ಗೆ ಪ್ರೈಮರ್, ಮಧ್ಯಾಹ್ನ ಒಂದು ಕೋಟು ಪಿ.ಯು., ಸಂಜೆಗೆ ಇನ್ನೊಂದು. ಈ ಸಲ ಡಬ್ಬಿಯ ಬೆನ್ನನ್ನು ಕೊನೆಯ ಚುಕ್ಕೆಯವರೆಗೆ ಓದಿದೆ. ತಯಾರಾದ ತಿಂಗಳನ್ನೂ ಬಿಡಲಿಲ್ಲ. ಅಜ್ಜಿಯೂ ಗಟ್ಟಿಯಾಗಿ ಓದಿಸಿ ಕೇಳಿದಳು. "ನಿನ್ನ ಡಬ್ಬಿಯ ಕಥೆಯಲ್ಲಿ ರಾಕ್ಷಸ ಕೊನೆ ಸಾಲಲ್ಲಿ ಬರ್ತಾನೆ," ಎಂದಳು. ಹಸಿರು ಮಾತ್ರ ಅದೇ ಎಳೆಯ ಹಸಿರು. ತಾತ ಬೇರೆ ಬಣ್ಣಕ್ಕೆ ಒಪ್ಪುವವರಲ್ಲ.

ಶನಿವಾರ ಹತ್ತಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಪಾರ್ಕಿನ ಗೇಟಿನ ಪಕ್ಕ ಗಾಡಿ ನಿಂತಿತ್ತು. ಅಜ್ಜಿ, ತಾತ, ನಾನು ಅದರ ಸುತ್ತ. ಅತ್ತೆಯ ವ್ಯಾನು ಬಂದು ನಿಂತಿತು. ಅವಳ ಮೂಗಿನ ಮೇಲೆಲ್ಲ ಟ್ಯಾಂಕಿನ ಬೆಳ್ಳಿ ಬಣ್ಣದ ಚುಕ್ಕೆಗಳಿದ್ದವು. ಗಾಡಿಯ ಮೇಲೆ ಕೈಯಾಡಿಸಿದಳು. ಮೂಸಿದಳು. ಅವಳ ಹುಬ್ಬು ಗಂಟಾಯಿತು.

"ಇದು ಎನಾಮೆಲ್ ಅಲ್ಲ."

"ಅಲ್ಲ ಅತ್ತೆ. ಪಿ.ಯು."

"ಕೆಳಗೆ?"

"ಎಚ್ಚಿಂಗ್ ಪ್ರೈಮರ್."

"ನಾನು ಹೇಳಿದ್ದು?"

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪಾರ್ಕಿನ ಮೇಡಂ ಬಂದೇಬಿಟ್ಟರು. ಒಂದು ಕೈಯಲ್ಲಿ ಕಡತ, ಇನ್ನೊಂದು ಕೈಯಲ್ಲಿ ಬೀಗದ ಕೈಗಳ ಗೊಂಚಲು. ಗಾಡಿಯನ್ನು ಒಂದು ಸುತ್ತು ಹಾಕಿದರು. ದೊಡ್ಡದೊಂದು ಬೀಗದ ಕೈ ಆರಿಸಿ ಮೂಲೆಯ ಮೇಲೆ ಗೀರಿದರು. ತೆಳ್ಳಗೆ ಗೆರೆ ಮೂಡಿತು, ಚೂರು ಏಳಲಿಲ್ಲ. ತಾತನ ಮುಖ ಅರಳಿತು.

"ಹೊಸದಾಗಿ ಹಚ್ಚಿದ್ದು ಗಟ್ಟಿಯಾಗೇ ಇರುತ್ತೆ ತಾತ," ಎಂದರು ಮೇಡಂ. ಗಡಸು ದನಿಯಲ್ಲ, ಬೇಸರದ ದನಿ. "ಹೋದ ವರ್ಷವೂ ಮೊದಲ ವಾರ ಹೀಗೇ ಇತ್ತು. ಅದರ ಹಿಂದಿನ ವರ್ಷವೂ. ಎರಡು ತಿಂಗಳಾದ ಮೇಲೆ ಯಾವ ಮಗುವಿನ ಕೋನಿನಲ್ಲಿ ಏನು ಬೀಳುತ್ತೋ. ಈ ಸಲ ಬೀಳಲ್ಲ ಅಂತ ನಾನು ಯಾವ ಧೈರ್ಯದಲ್ಲಿ ಬರೀಲಿ, ನೀವೇ ಹೇಳಿ."

ಉತ್ತರ ಇದ್ದದ್ದು ನನ್ನಲ್ಲಿ. ಆದರೆ ಅದನ್ನು ಹೇಳಬೇಕಾದರೆ, ಮೂರು ವರ್ಷ ತಪ್ಪು ಪ್ರೈಮರ್ ಹಚ್ಚಿದವರು ಯಾರು ಎಂದೂ ಹೇಳಬೇಕಿತ್ತು. ಅವಳು ನನ್ನ ಪಕ್ಕದಲ್ಲೇ, ಮೂಗಿನ ಮೇಲೆ ಬೆಳ್ಳಿ ಚುಕ್ಕೆ ಇಟ್ಟುಕೊಂಡು ನಿಂತಿದ್ದಳು. ಮೇಡಂ ಕಡತ ತೆರೆದು ಪೆನ್ನಿನ ಮುಚ್ಚಳ ತೆಗೆದರು.

ಅತ್ತೆಯ ಕೈ ಹಿಡಿದು ಕೆಳಗೆ ಎಳೆದೆ. "ಒಂದೇ ನಿಮಿಷ ಮೇಡಂ. ಅತ್ತೆ, ಗಾಡಿ ಕೆಳಗೆ ನೋಡು."

ಅತ್ತೆ ನನ್ನ ಕೈಯಿಂದ ಅಂಟುಪಟ್ಟಿಯ ಸುರುಳಿ ಕಿತ್ತುಕೊಂಡು, ಮಂಡಿಯೂರಿ ಗಾಡಿಯ ಕೆಳಗೆ ತಲೆ ತೂರಿಸಿದಳು. ಹೊರಗೆ ಕಾಣುತ್ತಿದ್ದದ್ದು ಅವಳ ಚಪ್ಪಲಿಗಳ ಅಡಿ ಮಾತ್ರ. ಒಳಗಿನಿಂದ ಚರ್ರೆಂದು ಅಂಟುಪಟ್ಟಿ ಎಳೆದ ಸದ್ದು ಬಂತು. ಮತ್ತೆ ಚರ್ರ್. ಆಮೇಲೆ ಚಪ್ಪಲಿಗಳೂ ಅಲುಗಾಡಲಿಲ್ಲ.

"ನಿದ್ದೆ ಬಂತೇನೋ," ಎಂದಳು ಅಜ್ಜಿ.

ಅತ್ತೆ ಹೊರಬಂದಾಗ ಕೈಯಲ್ಲಿ ಹಳೆಯ ಬಣ್ಣದ ಗೇಣುದ್ದದ ಹಾಳೆಯಿತ್ತು. ಅದರ ನುಣುಪಾದ ಕೆಂಪು ಬೆನ್ನನ್ನು ಹೆಬ್ಬೆರಳಿನಿಂದ ಸವರುತ್ತ ನಿಂತಳು. ಮೂವತ್ತು ವರ್ಷದ ಕೆಲಸಗಾತಿ; ಬೆನ್ನು ನೋಡಿದರೆ ಸಾಕು, ಮುಖ ನೋಡಬೇಕಿಲ್ಲ.

"ಮೇಡಂ," ಎಂದಳು, "ಇಷ್ಟು ವರ್ಷ ಉದುರಿದ್ದು ತಾತನ ತಪ್ಪಲ್ಲ, ಉಪ್ಪಿನ ತಪ್ಪೂ ಅಲ್ಲ. ನಂದು. ನಾನು ಇದನ್ನ ಬರೀ ಕಬ್ಬಿಣ ಅಂದ್ಕೊಂಡೆ. ಮೇಲೆ ಸತುವಿನ ಪದರ ಇದೆ. ಕಬ್ಬಿಣದ ಪ್ರೈಮರ್ ಇದರ ಮೇಲೆ ಕೂರುತ್ತೆ, ಕಚ್ಚಲ್ಲ. ನೋಡಿ, ಇದು ನನ್ನ ಕೆಲಸ." ಹಾಳೆಯನ್ನು ಮೇಡಂ ಕೈಗೆ ಕೊಟ್ಟಳು. ಆಮೇಲೆ ನನ್ನ ಕಡೆ ಕೈ ಚಾಚಿದಳು. "ಬ್ಲೇಡ್ ಕೊಡು."

ಕೊಟ್ಟೆ. ಅತ್ತೆ ಗಾಡಿಯ ಮುಂಭಾಗದಲ್ಲಿ, ಎಲ್ಲರಿಗೂ ಕಾಣುವ ಕಡೆಯಲ್ಲೇ, ಹೊಚ್ಚಹೊಸ ಹಸಿರಿನ ಮೇಲೆ ಅಡ್ಡ ಆರು, ಉದ್ದ ಆರು ಗೆರೆ ಕೊಯ್ದಳು. ತಾತ ಕಣ್ಣು ಮುಚ್ಚಿಕೊಂಡರು. ಪಟ್ಟಿ ಅಂಟಿಸಿ, ಉಗುರಿನಿಂದ ಗಟ್ಟಿಯಾಗಿ ತಿಕ್ಕಿ, "ನೀವೇ ಎಳೀರಿ," ಎಂದಳು.

ಮೇಡಂ ಎಳೆದರು. ಪಟ್ಟಿಯನ್ನು ಕನ್ನಡಕದ ಹತ್ತಿರ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. ಒಂದು ಹಸಿರು ಚುಕ್ಕೆಯೂ ಇರಲಿಲ್ಲ. "ಇನ್ನೊಂದು ಸಲ," ಎಂದು ತಾವೇ ಪಟ್ಟಿ ಅಂಟಿಸಿ ಎಳೆದರು. ಮತ್ತೂ ಒಮ್ಮೆ. ಮೂರನೆಯ ಸಲಕ್ಕೆ ಅವರಿಗೆ ಆ ಆಟ ಹಿಡಿಸಿದಂತೆ ಕಂಡಿತು.

"ಇದನ್ನ ಕಂಡುಹಿಡಿದವರು ಯಾರು?"

"ನಮ್ಮ ಮೋಡಮ್ಮ," ಎಂದಳು ಅತ್ತೆ. "ನಾನು ಬೇಡ ಅಂದಿದ್ದೆ. ನನ್ನ ಮಾತು ಕೇಳಿಲ್ಲ, ಒಳ್ಳೇದಾಯ್ತು. ಇದೇ ಅಭ್ಯಾಸ ಮಾಡ್ಕೊಂಡ್ರೆ ಕಾಲು ಮುರೀತೀನಿ."

ಮೇಡಂ ಕಡತದಲ್ಲಿ ಒಂದು ಸಾಲು ಬರೆದು, ಅಡಿಯಲ್ಲಿ ಸಹಿ ಹಾಕಿ, ಹಾಳೆ ಹರಿದು ತಾತನ ಕೈಗಿಟ್ಟರು. ತಾತ ಓದಲಿಲ್ಲ, ಕನ್ನಡಕ ಮನೆಯಲ್ಲಿ ಬಿಟ್ಟಿದ್ದರಂತೆ. ಅಜ್ಜಿಯೇ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು: ಗೇಟಿನ ಜಾಗ ಮುಂದಿನ ವರ್ಷದವರೆಗೆ ಇವರಿಗೇ. ಓದಿ ಮುಗಿಸುವುದರೊಳಗೆ ತಾತ ಗಾಡಿಯ ಮುಚ್ಚಳ ತೆರೆದಾಗಿತ್ತು. ತಣ್ಣನೆಯ ಬಿಳಿ ಹೊಗೆ ಎದ್ದಿತು. ಎಲ್ಲಿದ್ದರೋ ಏನೋ, ಜಾರುಬಂಡೆಯ ಕಡೆಯಿಂದ ಹತ್ತು ಹನ್ನೆರಡು ಮಕ್ಕಳು ಇರುವೆಗಳ ಹಾಗೆ ಸಾಲುಗಟ್ಟಿದರು.

"ಏನು ನೋಡ್ತಾ ನಿಂತಿದೀಯ?" ಎಂದಳು ಅತ್ತೆ. "ಆ ಕೊಯ್ದಿರೋ ಚೌಕಕ್ಕೆ ನಿನ್ನ ಅಜ್ಜ ಬಂದು ಬಣ್ಣ ಹಚ್ತಾನಾ? ವ್ಯಾನಿನಲ್ಲಿ ಕುಂಚ ಇದೆ. ಮಿಕ್ಕಿರೋ ಎರಡೂ ಡಬ್ಬಿ ತಂದಿದೀಯಲ್ಲ, ಬೆರೆಸ್ಕೋ."

"ಮಾರಾಟ ಮುಗಿದ ಮೇಲೆ ಹಚ್ತೀನಿ ಅತ್ತೆ."

"ಮಾರಾಟ ಯಾವಾಗ ಮುಗಿಯುತ್ತೆ? ನೋಡು ಆ ಸಾಲು. ಈಗಲೇ ಹಚ್ಚು."

ಹಾಗಾಗಿ ಮಕ್ಕಳ ಮಂಡಿಗಳ ನಡುವೆ ಕುಕ್ಕರಗಾಲಲ್ಲಿ ಕುಳಿತು, ಸಣ್ಣ ಕುಂಚದಿಂದ ಪೋಸ್ಟ್‌ಕಾರ್ಡಿನಷ್ಟು ಚೌಕಕ್ಕೆ ಬಣ್ಣ ಹಚ್ಚತೊಡಗಿದೆ. ನನ್ನ ತಲೆಯ ಮೇಲಿನಿಂದ ಕೋನುಗಳು ಹೋಗುತ್ತಿದ್ದವು, ಕುತ್ತಿಗೆಯ ಮೇಲೆ ಒಂದೊಂದು ತಣ್ಣನೆಯ ಹನಿ ಬೀಳುತ್ತಿತ್ತು. ಜಡೆ ಹಾಕಿದ ಒಂದು ಪುಟ್ಟ ಹುಡುಗಿ ಬಂದು, ಹಸಿ ಬಣ್ಣದ ಮೇಲೆ ತೋರುಬೆರಳನ್ನು ಮೆಲ್ಲಗೆ ಇಟ್ಟು, ಬೆರಳು ಎತ್ತಿ ನೋಡಿದಳು. ಹಸಿರಾಗಿತ್ತು.

"ಮುಟ್ಟಬೇಡ ಪುಟ್ಟಿ, ಅಂಟಿಕೊಂಡುಬಿಡುತ್ತೆ. ಆಮೇಲೆ ಹೋಗಲ್ಲ," ಎಂದು ತಾತ ಮೇಲಿನಿಂದ ಗದರಿದರು. ಅವರ ಗದರಿಕೆಯಲ್ಲಿ ಇಷ್ಟೊಂದು ಹೆಮ್ಮೆಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಎಷ್ಟು ದಿನ ಹೋಗಲ್ಲ?" ಎಂದಳು ಹುಡುಗಿ.

ತಾತ ನನ್ನ ಕಡೆ ಬಗ್ಗಿ ನೋಡಿದರು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಎರಡು ಕೋನು ಹಿಡಿದುಕೊಂಡು, ಒಂದನ್ನು ಅಜ್ಜಿಗೆ ಕೊಡುತ್ತ, ನನ್ನನ್ನೇ ನೋಡುತ್ತಿದ್ದಳು: ನೀನೇ ಹೇಳು, ಬಣ್ಣ ಆರಿಸಿದವಳು ನೀನು ಎನ್ನುವ ಹಾಗೆ.

"ಗಾಡಿ ಮೇಲಾದ್ರೆ ತುಂಬಾ ವರ್ಷ," ಎಂದೆ. "ನಿನ್ನ ಬೆರಳಿಗೆ ಪ್ರೈಮರ್ ಹಾಕಿಲ್ವಲ್ಲ, ಸೋಮವಾರದೊಳಗೆ ಹೋಗುತ್ತೆ."

ಹುಡುಗಿಗೆ ಸ್ವಲ್ಪ ಬೇಜಾರಾದಂತೆ ಕಂಡಿತು.